ಎಫ್‌ಎಂಜಿಇಗೆ ಓದುವಾಗ ದಪ್ಪ ಪುಸ್ತಕಗಳನ್ನು ದಾಟುವುದು ಹೇಗೆ?

"ಹ್ಯಾರಿಸನ್ ಮೆಡಿಸಿನ್ ಪುಸ್ತಕ ಪೂರ್ತಿ ಓದಬೇಕಾ?" "ಒಂದು ಅಧ್ಯಾಯಕ್ಕೆ ಮೂರು ದಿನ ಹಿಡಿಯುತ್ತೆ, ವಾರ ಕಳೆದರೆ ಏನೂ ನೆನಪಿರಲ್ಲ, ಏನು ಮಾಡಲಿ?" ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ್ ಕಡೆ ವೈದ್ಯಕೀಯ ಓದಿ ಬಂದು, ಈಗ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ತಯಾರಾಗುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹೇಳುತ್ತೇನೆ.

ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಯೋಚನೆ ಬಿಡಿ. ಕೈಯಲ್ಲೊಂದು ಪ್ರಶ್ನೆ ಇಟ್ಟುಕೊಂಡು ಪುಸ್ತಕದೊಳಗೆ ಹೋಗಿ, ಉತ್ತರ ಸಿಕ್ಕ ಮೇಲೆ ಹೊರಗೆ ಬನ್ನಿ. ಮುಂದೆ ಬರುವ ಎಲ್ಲ ಹಂತಗಳೂ ಇದನ್ನು ಮಾಡುವ ಬಗೆಯೇ.

ಹೊಸಬರಿಗಾಗಿ ಪರೀಕ್ಷೆಯ ಬಗ್ಗೆ ಎರಡು ಮಾತು. ವಿದೇಶದಲ್ಲಿ ವೈದ್ಯಕೀಯ ಪದವಿ ಪಡೆದವರು ಇಲ್ಲಿ ವೈದ್ಯರಾಗಿ ನೋಂದಣಿ ಮಾಡಿಸಿಕೊಳ್ಳಲು ಪಾಸಾಗಬೇಕಾದ ಪರೀಕ್ಷೆ ಎಫ್‌ಎಂಜಿಇ. ಎನ್‌ಬಿಇಎಂಎಸ್ ಎಂಬ ಕೇಂದ್ರ ಸಂಸ್ಥೆ ಇದನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಒಂದೇ ದಿನ, ಎರಡು ಭಾಗ. ಒಂದೊಂದು ಭಾಗಕ್ಕೂ 150 ಪ್ರಶ್ನೆ, 150 ನಿಮಿಷ. ಒಟ್ಟು 300ಕ್ಕೆ 150 ಬಂದರೆ ಪಾಸ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೇಳಲು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಇತ್ತೀಚಿನ ವರ್ಷಗಳಲ್ಲಿ ಬರೆದವರಲ್ಲಿ ಮೂರನೇ ಒಂದು ಭಾಗವೂ ಪಾಸಾಗಿಲ್ಲ. ಓದದೇ ಇದ್ದದ್ದಕ್ಕಿಂತ ಓದಿದ್ದು ತಲೆಯಲ್ಲಿ ನಿಲ್ಲದೇ ಹೋದದ್ದೇ ಇದಕ್ಕೆ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಶುರು ಮಾಡುವ ಮೊದಲು ಬೇಕಾದ್ದು

ಜಾಸ್ತಿ ಏನೂ ಬೇಡ. ಪ್ರತಿ ವಿಷಯಕ್ಕೂ ಒಂದು ಪಠ್ಯಪುಸ್ತಕ. ವಿವರಣೆ ಇರುವ ಉತ್ತರಗಳ ಒಂದು ಕ್ವೆಶ್ಚನ್ ಬ್ಯಾಂಕ್, ಅಂದರೆ ಬಹುಆಯ್ಕೆ ಪ್ರಶ್ನೆಗಳ ಸಂಗ್ರಹ. ಒಂದು ದಪ್ಪ ನೋಟ್‌ಬುಕ್. ಒಂದಿಷ್ಟು ರಫ್ ಹಾಳೆ. ಫೋನಿನಲ್ಲಿ ಆಂಕಿ ಎಂಬ ಆ್ಯಪ್. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್ ಫೋನಿಗೆ ಇದು ಉಚಿತ. ಹೈಲೈಟರ್ ಪೆನ್ನು ಒಂದೇ ಒಂದು ಸಾಕು.

ಹಂತ 1: ಅಂಕ ಎಲ್ಲಿದೆ ಎಂದು ಮೊದಲು ನೋಡಿ

ಪುಸ್ತಕದ ದಪ್ಪಕ್ಕೂ ಪರೀಕ್ಷೆಯ ಅಂಕಕ್ಕೂ ಸಂಬಂಧವಿಲ್ಲ. ಇದು ಗೊತ್ತಿಲ್ಲದೆ ಅನೇಕರು ಅನಾಟಮಿಯಿಂದ ಶುರು ಮಾಡಿ ಎರಡು ತಿಂಗಳು ಅಲ್ಲೇ ಉಳಿಯುತ್ತಾರೆ.

ಹಂಚಿಕೆ ಹೀಗಿದೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ತಲಾ 13. ಫೊರೆನ್ಸಿಕ್ 10. ಇಲ್ಲಿಗೆ 100 ಆಯಿತು. ಉಳಿದ 200 ಕ್ಲಿನಿಕಲ್ ವಿಷಯಗಳದ್ದು: ಮೆಡಿಸಿನ್ 33, ಸರ್ಜರಿ 32, ಸ್ತ್ರೀರೋಗ ಮತ್ತು ಪ್ರಸೂತಿ 30, ಕಮ್ಯುನಿಟಿ ಮೆಡಿಸಿನ್ 30, ಮಕ್ಕಳ ವಿಭಾಗ 15, ಕಣ್ಣು 15, ಕಿವಿ-ಮೂಗು-ಗಂಟಲು 15. ಮನೋವೈದ್ಯ, ಚರ್ಮರೋಗ, ರೇಡಿಯೋಥೆರಪಿ, ಅರಿವಳಿಕೆ, ಮೂಳೆ, ರೇಡಿಯಾಲಜಿಗೆ ತಲಾ 5.

ಇದನ್ನು ಒಮ್ಮೆ ಕೂಡಿ ಕಳೆದು ನೋಡಿ. ಕಣ್ಣು ಮತ್ತು ಇಎನ್‌ಟಿ ಸೇರಿದರೆ 30. ಎರಡಕ್ಕೂ ತೆಳ್ಳಗಿನ ಪುಸ್ತಕಗಳಿವೆ. ಅನಾಟಮಿಯ ಮೂರು ನಾಲ್ಕು ಸಂಪುಟ ಸೇರಿದರೂ 17. ಕಮ್ಯುನಿಟಿ ಮೆಡಿಸಿನ್ ಒಂದರಲ್ಲೇ 30 ಅಂಕವಿದೆ, ಆದರೂ "ಬೋರು" ಎಂದು ಅದನ್ನು ಕೊನೆಗೆ ತಳ್ಳುವವರೇ ಹೆಚ್ಚು. ಮೆಡಿಸಿನ್, ಸರ್ಜರಿ, ಪ್ರಸೂತಿ, ಕಮ್ಯುನಿಟಿ ಮೆಡಿಸಿನ್ ಈ ನಾಲ್ಕರದ್ದೇ 125 ಅಂಕ. ನಿಮ್ಮ ವಾರಗಳನ್ನು ಈ ಲೆಕ್ಕದಲ್ಲಿ ಹಂಚಿ. ಅರ್ಜಿ ಹಾಕುವಾಗ ಆ ಸಲದ ಮಾಹಿತಿ ಪುಸ್ತಿಕೆಯಲ್ಲಿ ಹಂಚಿಕೆ ಬದಲಾಗಿದೆಯೇ ಎಂದು ನೋಡಿಕೊಳ್ಳಿ.

"ನೆಕ್ಸ್ಟ್ ಪರೀಕ್ಷೆ ಬಂದರೆ ಇದೆಲ್ಲ ವ್ಯರ್ಥವಾಗುತ್ತಾ?" ಎಂದೂ ಕೇಳುತ್ತಾರೆ. ನೆಕ್ಸ್ಟ್ ಅಂದರೆ ಎಫ್‌ಎಂಜಿಇ ಜಾಗಕ್ಕೆ ಬರಬೇಕಿರುವ, ಇಲ್ಲಿ ಓದಿದವರಿಗೂ ವಿದೇಶದಲ್ಲಿ ಓದಿದವರಿಗೂ ಒಂದೇ ಆಗಿರುವ ಪರೀಕ್ಷೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲೇ ಅದರ ಮಾತಿದೆ. ಬಂದರೂ ಓದುವ ವಿಷಯಗಳು ಇವೇ. ಅದಕ್ಕಾಗಿ ಈಗಿನ ಓದು ನಿಲ್ಲಿಸಬೇಡಿ.

ಹಂತ 2: ಒಂದು ವಿಷಯಕ್ಕೆ ಒಂದೇ ಪುಸ್ತಕ, ಅದೂ ಹೊಸ ಆವೃತ್ತಿ

ಮೂರು ಪುಸ್ತಕವನ್ನು ಒಂದೊಂದು ಸಲ ಓದುವುದಕ್ಕಿಂತ ಒಂದು ಪುಸ್ತಕಕ್ಕೆ ಮೂರು ಸಲ ಹೋಗುವುದು ಮೇಲು. ಸ್ನೇಹಿತರು ಬೇರೆ ಪುಸ್ತಕ ಚೆನ್ನಾಗಿದೆ ಅಂದರು ಎಂದು ನಡುವೆ ಬದಲಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಪರೀಕ್ಷೆ ಹತ್ತಿರ ಬಂದಂತೆ ಭಯಕ್ಕೆ ಎಲ್ಲರೂ ಹೊಸ ಪುಸ್ತಕ ಕೊಳ್ಳುತ್ತಾರೆ.

ಹ್ಯಾರಿಸನ್‌ನಂಥ ಎರಡು ಸಂಪುಟದ ಪುಸ್ತಕವನ್ನು ಓದುವ ಪುಸ್ತಕವಾಗಿ ಇಟ್ಟುಕೊಳ್ಳಬೇಡಿ. ಅನುಮಾನ ಬಂದಾಗ ತೆಗೆದು ನೋಡುವುದಕ್ಕೆ ಇಟ್ಟುಕೊಳ್ಳಿ. ದಿನದ ಓದಿಗೆ ಚಿಕ್ಕದೊಂದು ಬೇಕು.

ಈಗ ಹಣದ ಮಾತು. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ವೈದ್ಯಕೀಯ ಪುಸ್ತಕ ಸಿಗುತ್ತದೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ಹಳೆಯದು ತಗೊಂಡರೆ ನಷ್ಟವಿಲ್ಲ. ಮೂಳೆ, ನರಗಳು ಬದಲಾಗುವುದಿಲ್ಲ. ಆದರೆ ಈ ಮೂರು ವಿಷಯಗಳಲ್ಲಿ ಹಳೆ ಆವೃತ್ತಿ ಮುಟ್ಟಬೇಡಿ:

ಫೊರೆನ್ಸಿಕ್: 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಶಿಕ್ಷೆಯ 302 ಈಗ 103. ವೈದ್ಯರ ನಿರ್ಲಕ್ಷ್ಯದಿಂದಾದ ಸಾವೂ ಸೇರುವ 304ಎ ಈಗ 106. ವರದಕ್ಷಿಣೆ ಸಾವಿನ 304ಬಿ ಈಗ 80. ಪೊಲೀಸರು ಶವದ ಪಂಚನಾಮೆ ಮಾಡುವ ಸಿಆರ್‌ಪಿಸಿ 174ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಇದೆ. ಹಳೆ ಪುಸ್ತಕದಿಂದ ಸೆಕ್ಷನ್‌ಗಳನ್ನು ಬಾಯಿಪಾಠ ಮಾಡಿದರೆ ಆಮೇಲೆ ಮರೆಯುವುದೇ ದೊಡ್ಡ ಕೆಲಸವಾಗುತ್ತದೆ.

ಕಮ್ಯುನಿಟಿ ಮೆಡಿಸಿನ್: ಸರ್ಕಾರದ ಆರೋಗ್ಯ ಕಾರ್ಯಕ್ರಮಗಳು ಬದಲಾಗುತ್ತಲೇ ಇರುತ್ತವೆ. ಕ್ಷಯರೋಗದ ಕಾರ್ಯಕ್ರಮಕ್ಕೆ 2020ರಲ್ಲಿ ಎನ್‌ಟಿಇಪಿ ಎಂದು ಹೊಸ ಹೆಸರು ಬಂತು. ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸ್ 2023ರಿಂದ ಮಗುವಿನ 9ನೇ ತಿಂಗಳಿಗೆ ಸೇರಿದೆ.

ಪ್ರಸೂತಿ: ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿ ಆಯಿತು. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಮಹಿಳೆಯರಿಗೆ 20ರಿಂದ 24 ವಾರದವರೆಗೆ ಇಬ್ಬರದ್ದು ಬೇಕು. ಹಳೆ ಪುಸ್ತಕದಲ್ಲಿ 12 ಮತ್ತು 20 ಎಂದಿರುತ್ತದೆ.

ಇನ್ನೊಂದು ಉಪಾಯ. ಎತ್ತಲಾರದ ಪುಸ್ತಕವನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟು ಮೂರು ನಾಲ್ಕು ಭಾಗ ಮಾಡಿಸಿ, ಬೇರೆ ಬೇರೆ ಸ್ಪೈರಲ್ ಬೈಂಡಿಂಗ್ ಹಾಕಿಸಿ. ಪುಸ್ತಕ ಕತ್ತರಿಸಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಬ್ಯಾಗಿನಲ್ಲಿ ಹೊರಲು ಆಗುವ ಪುಸ್ತಕವನ್ನೇ ನೀವು ದಿನವೂ ತೆಗೆಯುವುದು.

ಹಂತ 3: ಅಧ್ಯಾಯಕ್ಕೆ ಮೊದಲು ಪ್ರಶ್ನೆಗಳು

ಎಲ್ಲರೂ ಓದಿ ಆದ ಮೇಲೆ ಪ್ರಶ್ನೆ ಬಿಡಿಸುತ್ತಾರೆ. ನೀವು ಉಲ್ಟಾ ಮಾಡಿ. ಇವತ್ತು ರಕ್ತಹೀನತೆ ಓದಬೇಕಾದರೆ, ಪುಸ್ತಕ ತೆರೆಯುವ ಮೊದಲೇ ಅದರ ಮೇಲಿನ 15 ಪ್ರಶ್ನೆ ಬಿಡಿಸಿ. ಬಹಳಷ್ಟು ತಪ್ಪಾಗುತ್ತವೆ. ಆಗಲಿ. ಬೇಜಾರು ಮಾಡಿಕೊಳ್ಳಬೇಡಿ, ಅಂಕವನ್ನೂ ಬರೆದಿಡಬೇಡಿ. ಪರೀಕ್ಷೆ ಈ ಅಧ್ಯಾಯದಿಂದ ಏನು ಕೇಳುತ್ತದೆ ಎಂದು ತಿಳಿಯಲು ಮಾತ್ರ ಇದನ್ನು ಮಾಡುವುದು.

ಹದಿನೈದು ಮುಗಿಯುವಷ್ಟರಲ್ಲಿ ನಿಮಗೇ ಕಾಣುತ್ತದೆ: ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಬಗ್ಗೆ ನಾಲ್ಕು ಸಲ ಬಂತು, ಥಲಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಜೊತೆ ಹೋಲಿಕೆ ಮೂರು ಸಲ ಬಂತು, ಅಧ್ಯಾಯದ ಆರಂಭದ ಇತಿಹಾಸದ ಪುಟದಿಂದ ಒಂದೂ ಇಲ್ಲ. ರಫ್ ಹಾಳೆಯಲ್ಲಿ ನಿಮ್ಮ ಅನುಮಾನಗಳನ್ನು ಐದಾರು ಪ್ರಶ್ನೆಯಾಗಿ ಬರೆಯಿರಿ. ಆ ಹಾಳೆಯನ್ನು ಪುಸ್ತಕದ ಪಕ್ಕ ಇಟ್ಟುಕೊಂಡೇ ಓದಿ.

ಹಂತ 4: ಅಧ್ಯಾಯಕ್ಕೆ ಮೂರು ಸುತ್ತು

ನಿಜವಾದ ಓದು ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲ ಸುತ್ತು ಹತ್ತು ನಿಮಿಷದ್ದು. ತಲೆಬರಹ, ಉಪತಲೆಬರಹ, ಪಟ್ಟಿ, ಚಿತ್ರ, ಚಿತ್ರದ ಕೆಳಗಿನ ಸಾಲು, ಕೊನೆಯ ಸಾರಾಂಶ, ಇಷ್ಟನ್ನೇ ನೋಡಿ. ಪ್ಯಾರಾ ಓದಬೇಡಿ. ಪೆನ್ನು ಮುಟ್ಟಬೇಡಿ. ಯಾವುದು ಎಲ್ಲಿದೆ ಎಂಬುದು ತಲೆಯಲ್ಲಿ ಕೂತರೆ ಸಾಕು.

ಎರಡನೇ ಸುತ್ತಿನಲ್ಲಿ ಓದಿ, ಆದರೆ ಹಾಳೆಯಲ್ಲಿರುವ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ. ಉತ್ತರ ಸಿಗುವ ಪ್ಯಾರಾ ಬಂದಾಗ ನಿಲ್ಲಿ. "ಇದು ಯಾಕೆ ಹೀಗೆ?" ಎಂದು ಕೇಳಿಕೊಳ್ಳಿ. ಸಂಖ್ಯೆಯನ್ನು ಸುಮ್ನೆ ಉರು ಹೊಡೆಯುವುದಕ್ಕಿಂತ ಕಾರಣ ಹಿಡಿದರೆ ಸಂಖ್ಯೆ ತಾನಾಗಿ ಉಳಿಯುತ್ತದೆ.

ಉದಾಹರಣೆಗೆ ಕಬ್ಬಿಣದ ಕೊರತೆಯ ರಕ್ತಹೀನತೆ. ಪುಸ್ತಕದಲ್ಲಿ ಇದು ಹಲವು ಪುಟ ಇರುತ್ತದೆ. ಅದರ ಎಲುಬು ಇಷ್ಟೇ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಮೊದಲು ಖಾಲಿಯಾಗುವುದು ದಾಸ್ತಾನು. ದಾಸ್ತಾನಿನ ಅಳತೆ ಫೆರಿಟಿನ್, ಅದಕ್ಕೇ ಅದು ಎಲ್ಲಕ್ಕಿಂತ ಮೊದಲು ಇಳಿಯುತ್ತದೆ. ಆಮೇಲೆ ದೇಹ ಸಿಕ್ಕಷ್ಟು ಕಬ್ಬಿಣ ಹಿಡಿಯಲು ನೋಡುತ್ತದೆ, ಹಾಗಾಗಿ ಟಿಐಬಿಸಿ ಏರುತ್ತದೆ. ಟಿಐಬಿಸಿ ಅಂದರೆ ರಕ್ತದಲ್ಲಿ ಕಬ್ಬಿಣ ಹಿಡಿದುಕೊಳ್ಳಲು ಒಟ್ಟು ಎಷ್ಟು ಜಾಗವಿದೆ ಎಂಬ ಅಳತೆ. ಕೆಂಪು ರಕ್ತಕಣದ ಗಾತ್ರ, ಅಂದರೆ ಎಂಸಿವಿ, ಇಳಿಯುವುದು ಇನ್ನೂ ತಡವಾಗಿ.

ಈಗ ದೀರ್ಘಕಾಲದ ಕಾಯಿಲೆಯಿಂದ ಬರುವ ರಕ್ತಹೀನತೆ ನೋಡಿ. ಇಲ್ಲಿ ದಾಸ್ತಾನು ಇದೆ, ಆದರೆ ಹೊರಗೆ ಬರುತ್ತಿಲ್ಲ. ಲಿವರ್ ಸುರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಕಬ್ಬಿಣವನ್ನು ಒಳಗೇ ತಡೆದಿಡುತ್ತದೆ. ಆದ್ದರಿಂದ ಫೆರಿಟಿನ್ ಸರಿಯಾಗಿಯೋ ಜಾಸ್ತಿಯಾಗಿಯೋ ಇರುತ್ತದೆ, ಟಿಐಬಿಸಿ ಕಡಿಮೆ. ಎರಡರಲ್ಲೂ ರಕ್ತದ ಕಬ್ಬಿಣ ಕಡಿಮೆಯೇ! ಪ್ರಶ್ನೆ ಹಾಕುವವರು ಸಿಕ್ಕಿಸುವುದು ಇಲ್ಲೇ. ಥಲಸೇಮಿಯಾ ವಾಹಕರಲ್ಲಿ ಕಬ್ಬಿಣಕ್ಕೆ ತೊಂದರೆಯಿಲ್ಲ, ಕಣಗಳು ಚಿಕ್ಕದಾದರೂ ಸಂಖ್ಯೆ ಕಡಿಮೆಯಾಗಿರುವುದಿಲ್ಲ. ಹಾಗಾಗಿ ಎಂಸಿವಿಯನ್ನು ಕಣಗಳ ಸಂಖ್ಯೆಯಿಂದ ಭಾಗಿಸಿದರೆ 13ಕ್ಕಿಂತ ಕಡಿಮೆ ಬರುತ್ತದೆ. ಕಬ್ಬಿಣದ ಕೊರತೆಯಲ್ಲಿ 13ಕ್ಕಿಂತ ಜಾಸ್ತಿ. ಇದಕ್ಕೆ ಮೆಂಟ್ಜರ್ ಸೂಚ್ಯಂಕ ಎಂದು ಹೆಸರು. ಇದು ಸುಳಿವು ಮಾತ್ರ, ಖಚಿತ ಮಾಡಿಕೊಳ್ಳಲು ಹಿಮೋಗ್ಲೋಬಿನ್ ಎ2 ನೋಡಬೇಕು. ವಾಹಕರಲ್ಲಿ ಅದು ಸಾಮಾನ್ಯವಾಗಿ ಶೇ 3.5ಕ್ಕಿಂತ ಜಾಸ್ತಿ ಇರುತ್ತದೆ. ಎ2 ಏರುವುದು ಬೀಟಾ ಥಲಸೇಮಿಯಾದಲ್ಲಿ, ಆಲ್ಫಾದಲ್ಲಿ ಅಲ್ಲ ಎಂಬುದನ್ನೂ ಅಲ್ಲೇ ಬರೆದುಕೊಳ್ಳಿ.

ಮೂರನೇ ಸುತ್ತಿನಲ್ಲಿ ಇದೆಲ್ಲ ಒಂದು ಪಟ್ಟಿಯಾಗಬೇಕು. ಮೇಲೆ ಮೂರು ಕಾಯಿಲೆ, ಪಕ್ಕದಲ್ಲಿ ಫೆರಿಟಿನ್, ಟಿಐಬಿಸಿ, ರಕ್ತದ ಕಬ್ಬಿಣ, ಕಣಗಳ ಸಂಖ್ಯೆ. ಮನೆಗಳಲ್ಲಿ ಏರುವ ಇಳಿಯುವ ಬಾಣದ ಗುರುತು. ಅಧ್ಯಾಯಕ್ಕೆ ನೋಟ್‌ಬುಕ್ಕಿನ ಒಂದೇ ಪುಟ ಕೊಡಿ. ಜಾಗ ಸಾಲದಿದ್ದರೆ ಏನು ಬಿಡಬೇಕು ಎಂದು ಯೋಚಿಸಬೇಕಾಗುತ್ತದೆ, ಆ ಯೋಚನೆಯಲ್ಲೇ ಅರ್ಧ ಕಲಿಕೆ ಆಗುತ್ತದೆ.

ಎಚ್ಚರಿಕೆ: ಪುಸ್ತಕದ ಸಾಲುಗಳನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಬೇಡಿ. ಕೈ ನೋಯುತ್ತದೆ, ಓದಿದ ತೃಪ್ತಿಯೂ ಸಿಗುತ್ತದೆ, ಆದರೆ ತಲೆ ಕೆಲಸ ಮಾಡಿರುವುದಿಲ್ಲ. ಬಣ್ಣ ಹಚ್ಚುವುದೂ ಅಷ್ಟೇ. ಪುಟದಲ್ಲಿ ಮೂರು ಜಾಗಕ್ಕಿಂತ ಜಾಸ್ತಿ ಹಳದಿ ಕಂಡರೆ ನೀವು ಆರಿಸುತ್ತಿಲ್ಲ ಎಂದು ಅರ್ಥ. ಹೈಲೈಟರ್ ಎರಡನೇ ಓದಿನಲ್ಲಿ ಮಾತ್ರ ತೆಗೆಯಿರಿ.

ಹಂತ 5: ಪುಸ್ತಕ ಮುಚ್ಚಿ, ನೀವೇ ಹೇಳಿ

ಓದಿದ ತಕ್ಷಣ ಪುಸ್ತಕವನ್ನೂ ನೋಟ್‌ಬುಕ್ಕನ್ನೂ ಮುಚ್ಚಿ. ಖಾಲಿ ಹಾಳೆಯಲ್ಲಿ ಆ ಪಟ್ಟಿಯನ್ನು ನೆನಪಿನಿಂದ ಬರೆಯಿರಿ. ಆಮೇಲೆ ತೆರೆದು ಹೋಲಿಸಿ, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ.

ಇದು ಸುಸ್ತು ಮಾಡುತ್ತದೆ. ಮತ್ತೆ ಮತ್ತೆ ಓದುವುದು ಹಾಯಾಗಿರುತ್ತದೆ, ಎಲ್ಲ ಬರುತ್ತದೆ ಅನ್ನಿಸುತ್ತದೆ. ಆ ಅನಿಸಿಕೆ ನಂಬಬೇಡಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ಕೇಳಿದಾಗ, ಓದಿ ನೆನಪಿನಿಂದ ಬರೆದಿದ್ದವರು ಮುಂದಿದ್ದರು. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಇಲ್ಲವಲ್ಲ.

ಬರೆಯಲು ಬೇಸರವಾದರೆ ಜೋರಾಗಿ ಹೇಳಿ, ಅದೂ ಕನ್ನಡದಲ್ಲಿ. "ಕಬ್ಬಿಣ ಕಡಿಮೆಯಾದ್ರೆ ಮೊದಲು ದಾಸ್ತಾನು ಖಾಲಿಯಾಗತ್ತೆ, ಅದಕ್ಕೇ ಫೆರಿಟಿನ್ ಇಳಿಯತ್ತೆ" ಎಂದು ಮನೆಯಲ್ಲಿ ಅಕ್ಕನಿಗೋ ತಮ್ಮನಿಗೋ ಅರ್ಥವಾಗುವ ಹಾಗೆ ಹೇಳಲು ಬಂದರೆ ನಿಮಗೆ ಅರ್ಥವಾಗಿದೆ. ನಡುವೆ ಮಾತು ತಡವರಿಸಿದ ಜಾಗವೇ ಮತ್ತೆ ಓದಬೇಕಾದ ಜಾಗ.

ಹಂತ 6: ಅಂತರ ಬಿಟ್ಟು ಮರುಓದು

ಒಂದೇ ದಿನ ನಾಲ್ಕು ಗಂಟೆ ಓದಿದ್ದು, ಬೇರೆ ಬೇರೆ ದಿನ ನಾಲ್ಕು ಸಲ ನೋಡಿದ್ದಕ್ಕೆ ಸಮ ಆಗುವುದಿಲ್ಲ. ಮಾರನೇ ದಿನ, ನಾಲ್ಕನೇ ದಿನ, ಹತ್ತನೇ ದಿನ, ತಿಂಗಳಿಗೆ ಒಮ್ಮೆ. ಹೀಗೆ ಆ ಒಂದು ಪುಟದ ಪಟ್ಟಿಯನ್ನು ಮುಚ್ಚಿಟ್ಟು ನೆನಪಿಸಿಕೊಳ್ಳಿ. ಪ್ರತಿ ಸಲಕ್ಕೂ ಐದು ನಿಮಿಷ ಸಾಕು.

ಬಿಡಿ ಸಂಗತಿಗಳನ್ನು, ಅಂದರೆ ಔಷಧದ ಅಡ್ಡಪರಿಣಾಮ, ಲಸಿಕೆಯ ವಯಸ್ಸು, ಕಾನೂನಿನ ಸೆಕ್ಷನ್ ಇಂಥವನ್ನು ಆಂಕಿಗೆ ಹಾಕಿ. ಒಂದು ಕಾರ್ಡಿಗೆ ಒಂದೇ ಸಂಗತಿ. ಯಾವ ಕಾರ್ಡನ್ನು ಯಾವಾಗ ತೋರಿಸಬೇಕು ಎಂಬ ಲೆಕ್ಕವನ್ನು ಆ್ಯಪ್ಪೇ ನೋಡಿಕೊಳ್ಳುತ್ತದೆ. ಬೇರೆಯವರು ಮಾಡಿದ ಸಾವಿರಾರು ಕಾರ್ಡಿನ ಕಟ್ಟು ಇಳಿಸಿಕೊಳ್ಳುವ ಆಸೆ ಬರುತ್ತದೆ. ಬೇಡ. ನೀವು ತಪ್ಪು ಮಾಡಿದ ಪ್ರಶ್ನೆಯಿಂದ ನೀವೇ ಮಾಡಿದ ಕಾರ್ಡು ಚೆನ್ನಾಗಿ ನೆನಪಿರುತ್ತದೆ.

ಹಂತ 7: ಜಾಗ ಮತ್ತು ಹೊತ್ತು

ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಐಎಎಸ್, ಕೆಎಎಸ್‌ಗೆ ಓದುವವರಿಗಾಗಿ ಬಾಡಿಗೆಯ ಸ್ಟಡಿ ರೂಮುಗಳು ತುಂಬಾ ಇವೆ. ವೈದ್ಯಕೀಯದವರೂ ಅಲ್ಲಿ ಕೂರಬಹುದು. ಮೂರು ತಿಂಗಳ ಹಣ ಒಟ್ಟಿಗೆ ಕಟ್ಟುವ ಮೊದಲು ಒಂದು ದಿನ ಕೂತು ನೋಡಿ: ದೀಪ ಸರಿಯಿದೆಯೇ, ಕರೆಂಟ್ ಹೋದರೆ ಏನು ವ್ಯವಸ್ಥೆ, ಊಟಕ್ಕೆ ಹೋದಾಗ ಪುಸ್ತಕ ಅಲ್ಲೇ ಬಿಡಬಹುದೇ, ಜೋರಾಗಿ ಹೇಳಿಕೊಂಡು ಓದಲು ಮಹಡಿಯೋ ಅಂಗಳವೋ ಇದೆಯೇ. ಎಲ್ಲಕ್ಕಿಂತ ಮುಖ್ಯ, ರೂಮಿನಿಂದ ನಡೆದು ಹೋಗುವಷ್ಟು ಹತ್ತಿರವಿದೆಯೇ. ಈ ಊರಿನ ಟ್ರಾಫಿಕ್‌ನಲ್ಲಿ ದಿನಕ್ಕೆ ಎರಡು ಗಂಟೆ ಕಳೆದರೆ ಅದಕ್ಕೆ ಪರಿಹಾರ ಯಾವ ಟೈಮ್‌ಟೇಬಲ್ಲಿನಲ್ಲೂ ಇಲ್ಲ. ಖರ್ಚು ಬೇಡ ಅನ್ನುವವರಿಗೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯವಿದೆ.

ಕೋಚಿಂಗಿಗೆ ಮೆಟ್ರೋದಲ್ಲಿ ಹೋಗಿಬರುವವರು ಆ ಹೊತ್ತಿನಲ್ಲಿ ಪಠ್ಯಪುಸ್ತಕ ತೆಗೆಯಬೇಡಿ. ನಿಂತುಕೊಂಡು ಹೊಸದು ಕಲಿಯಲು ಆಗುವುದಿಲ್ಲ. ಆಂಕಿ ಕಾರ್ಡಿಗೆ ಅದು ಒಳ್ಳೆಯ ಸಮಯ.

ದಿನದ ಹಂಚಿಕೆ ಸರಳವಾಗಿರಲಿ. ತಲೆ ಚುರುಕಾಗಿರುವ ಬೆಳಗಿನ ಹೊತ್ತು ಕಷ್ಟದ ಅಧ್ಯಾಯ, ಮಧ್ಯಾಹ್ನ ಪ್ರಶ್ನೆಗಳು, ಸಂಜೆ ಹಳೆ ಪಟ್ಟಿಗಳ ಮರುಓದು. ಐವತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಿ. ನಿದ್ದೆ ಕಡಿಮೆ ಮಾಡಿ ಓದಬೇಡಿ, ಓದಿದ್ದು ನೆನಪಾಗಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಇದನ್ನು ಬೇರೆಯವರಿಗೆ ಹೇಳಬೇಕಾದ ವೈದ್ಯರು ನೀವು.

ಹಂತ 8: ಕೊನೆಯ ಆರು ವಾರ

ಈಗ ಹೊಸ ಅಧ್ಯಾಯ ನಿಲ್ಲಿಸಿ. ಮುಟ್ಟದೇ ಉಳಿದ ಅಧ್ಯಾಯಗಳಿದ್ದರೆ ಅವುಗಳ ಪ್ರಶ್ನೆ ಮತ್ತು ಉತ್ತರದ ವಿವರಣೆ ಮಾತ್ರ ಓದಿ. ವಾರಕ್ಕೊಂದು ಪೂರ್ತಿ ಮಾಕ್ ಟೆಸ್ಟ್ ಬರೆಯಿರಿ, 300 ಪ್ರಶ್ನೆ, ಒಂದೇ ದಿನ, ನಡುವೆ ಒಂದೇ ಬಿಡುವು. ಒಂದು ಪ್ರಶ್ನೆಗೆ ಒಂದು ನಿಮಿಷ ಎಂಬುದು ಕೈಗೆ ಅಭ್ಯಾಸವಾಗಬೇಕು. ಕಾಗದದಲ್ಲಿ ಬೇಡ, ಪರೀಕ್ಷೆ ಕಂಪ್ಯೂಟರಿನಲ್ಲೇ ಇರುವುದರಿಂದ ಪರದೆಯ ಮೇಲೇ ಬರೆಯಿರಿ.

ಟೆಸ್ಟ್ ಮುಗಿದ ಮೇಲೆ ಅಂಕ ನೋಡಿ ಎದ್ದು ಹೋಗಬೇಡಿ. ತಪ್ಪುಗಳನ್ನು ಮೂರು ಗುಂಪು ಮಾಡಿ: ಗೊತ್ತೇ ಇರಲಿಲ್ಲ, ಗೊತ್ತಿತ್ತು ನೆನಪಾಗಲಿಲ್ಲ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲ. ಮೊದಲನೆಯದಕ್ಕೆ ಪಠ್ಯಪುಸ್ತಕದ ಆ ಪುಟ. ಎರಡನೆಯದಕ್ಕೆ ಪಟ್ಟಿ ಮತ್ತು ಕಾರ್ಡು. ಮೂರನೆಯದಕ್ಕೆ ಪುಸ್ತಕ ಬೇಕಿಲ್ಲ, "ಯಾವುದು ಅಲ್ಲ", "ಎಲ್ಲಕ್ಕಿಂತ ಮೊದಲು" ಎಂಬಂಥ ಮಾತುಗಳ ಮೇಲೆ ಕಣ್ಣು ನಿಲ್ಲಿಸುವ ಅಭ್ಯಾಸ ಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆಗೂ ಏನಾದರೊಂದು ಗುರುತು ಹಾಕಿ. ಅಂಕ ಕಳೆಯುವುದಿಲ್ಲವಾದ್ದರಿಂದ ಖಾಲಿ ಬಿಟ್ಟರೆ ನಷ್ಟ ನಿಮ್ಮದೇ.

ಹಿಂದಿನ ಸಲ ಪಾಸಾಗದವರಿಗೆ

ಈ ಪರೀಕ್ಷೆ ಇಷ್ಟೇ ಸಲ ಬರೆಯಬೇಕು ಎಂಬ ಮಿತಿ ಇಲ್ಲ. ನಾಚಿಕೆಪಟ್ಟು ಊರಿಗೆ ಹೋಗದೆ ಇಲ್ಲೇ ಒಬ್ಬರೇ ಕೂತಿರುವವರು ಅನೇಕರಿದ್ದಾರೆ. ದಯವಿಟ್ಟು ಒಂದು ವಾರ ಮನೆಗೆ ಹೋಗಿ, ಅಮ್ಮನ ಕೈ ಊಟ ಮಾಡಿ ಬನ್ನಿ.

ಬಂದ ಮೇಲೆ ಹೊಸ ಪುಸ್ತಕಗಳ ಪಟ್ಟಿ ಮಾಡಬೇಡಿ, ಮೊದಲ ಅಧ್ಯಾಯದಿಂದಲೂ ಶುರು ಮಾಡಬೇಡಿ. ಹೊಸದಾಗಿ ಒಂದು ಪೂರ್ತಿ ಮಾಕ್ ಟೆಸ್ಟ್ ಬರೆದು, ಯಾವ ವಿಷಯದಲ್ಲಿ ಅರ್ಧಕ್ಕಿಂತ ಕಡಿಮೆ ಬಂತು ಎಂದು ನೋಡಿ. ಅವುಗಳಲ್ಲಿ ಜಾಸ್ತಿ ಅಂಕ ಇರುವ ಎರಡನ್ನು ಆರಿಸಿ, ಮೊದಲ ತಿಂಗಳು ಆ ಎರಡಕ್ಕೇ ಕೊಡಿ. ಹಳೆ ನೋಟ್‌ಬುಕ್ಕಿನ ಪಟ್ಟಿಗಳನ್ನು ನೋಡದೆ ಮತ್ತೆ ಬರೆದು ನೋಡಿ, ಬರದೇ ಹೋದ ಪಟ್ಟಿಯ ಅಧ್ಯಾಯಕ್ಕೆ ಮಾತ್ರ ಮೂರನೇ ಹಂತದಿಂದ ಹೋಗಿ. ಕಮ್ಯುನಿಟಿ ಮೆಡಿಸಿನ್ ಮತ್ತು ಫೊರೆನ್ಸಿಕ್ ಪುಸ್ತಕಗಳ ಹೊಸ ಆವೃತ್ತಿ ಬಂದಿದೆಯೇ ಎಂದು ಅಂಗಡಿಯಲ್ಲಿ ಕೇಳಿ, ಬಂದಿದ್ದರೆ ಅವೆರಡನ್ನು ಮಾತ್ರ ಹೊಸದಾಗಿ ಕೊಳ್ಳಿ.